ದೂರದರ್ಶಕಕ್ಕೆ ಇಬ್ಬನಿಯ ಕಾಟ

ಮಾಗಿಯ ನಿರ್ಮಲವಾದ ಇರುಳು. ಮನೆಯ ತಾರಸಿಯ ಮೇಲೆ ದೂರದರ್ಶಕ ಸಿದ್ಧವಾಗಿದೆ. ಮಹಾವ್ಯಾಧನ ನೀಹಾರಿಕೆಯನ್ನು ಕಾಣಲು ಮಕ್ಕಳು ಕಾತರರಾಗಿದ್ದಾರೆ. ಗಂಟೆಯೊಂದು ಕಳೆಯುವುದರೊಳಗೆ ಎಲ್ಲವೂ ಮಸುಕು! ಆಗಸದಲ್ಲಿ ಮೋಡದ ಸುಳಿವಿಲ್ಲ; ಮಸೂರದ ಮೇಲೆ ಇಬ್ಬನಿ ಕುಳಿತಿದೆ.

ಇಬ್ಬನಿ ಬೀಳುತ್ತದೆಂಬುದು ವಾಡಿಕೆಯ ಮಾತು. ಅದು ಬೀಳುವುದಲ್ಲ, ಮೂಡುವುದು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿಯೇ ಇದನ್ನು ವಿವರಿಸಿದರು. ತೆರೆದ ಆಗಸಕ್ಕೆ ಮುಖಮಾಡಿದ ವಸ್ತು ಶಾಖವನ್ನು ಹೊರಸೂಸುತ್ತ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯಲ್ಲಿನ ತೇವ ಅದರ ಮೇಲೆ ಹನಿಗಟ್ಟುತ್ತದೆ.

ಆದುದರಿಂದ ಒರೆಸಿ ಪ್ರಯೋಜನವಿಲ್ಲ. ತಣ್ಣಗಿನ ಗಾಜು ಮರಳಿ ಮಸುಕಾಗುತ್ತದೆ. ಧೂಳಿನಿಂದ ಗೀರು ಬೀಳುವುದೂ ಉಂಟು. ಕೊಳವೆಯ ಮುಂದಕ್ಕೆ ಕಪ್ಪು ರಟ್ಟಿನ ಸುರುಳಿಯನ್ನು ತೊಡಿಸಬೇಕು. ಅದರ ಉದ್ದ ಮಸೂರದ ಅಗಲದ ಒಂದೂವರೆಯಿಂದ ಎರಡರಷ್ಟಿರಲಿ. 80 ಮಿಲಿಮೀಟರಿನ ಮಸೂರಕ್ಕೆ 120ರಿಂದ 160. ಗಾಜಿಗೆ ಎದುರಾಗುವ ಆಗಸ ಕಿರಿದಾಗಿ, ಅದು ಬೇಗ ತಣಿಯದು. ತೇವ ಹೆಚ್ಚಿದ ರಾತ್ರಿಗಳಲ್ಲಿ ಮಸೂರದ ಸುತ್ತ ಬ್ಯಾಟರಿಯಿಂದ ಕಾಯುವ ಪಟ್ಟಿಯನ್ನು ಕಟ್ಟಬಹುದು. ಗಾಳಿಗಿಂತ ತುಸು ಬೆಚ್ಚಗಿದ್ದರೆ ಸಾಕು. ಬಿಸಿ ಮಿತಿಮೀರಿದರೆ ನೋಟ ನಡುಗುತ್ತದೆ.

ಕೊನೆಗೆ, ಒದ್ದೆ ಮಸೂರಕ್ಕೆ ಮುಚ್ಚಳ ಹಾಕಬಾರದು, ಬೂಷ್ಟು ಹಿಡಿದೀತು. ಒಳಗೆ ತಂದಿಟ್ಟು, ತಾನಾಗಿ ಒಣಗಿದ ಮೇಲೆ ಮುಚ್ಚಬೇಕು. ಇಷ್ಟು ಎಚ್ಚರವಿದ್ದರೆ ನೀಹಾರಿಕೆ ಬಹಳ ಹೊತ್ತಿನವರೆಗೂ ಮಕ್ಕಳ ಕಣ್ಣಿಗೆ ನಿಚ್ಚಳವಾಗಿ ಕಾಣುವುದು.