ಇನ್ನೊಂದು ಬ್ಯಾಟರಿ ಜೋಡಿಸುವ ಮುನ್ನ



ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆಹುಳುಗಳಿಗೆ ರಾತ್ರಿ ಸೊಪ್ಪು ಹಾಕುವ ಹೊತ್ತಿಗೆ ಕರೆಂಟ್ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಇನ್ವರ್ಟರೂ ಕೂಗಿ ನಿಂತರೆ ಪಡುವ ಪಾಡು ನಿಮಗೆ ಗೊತ್ತಿದ್ದದ್ದೇ. ಇನ್ನೊಂದು ಬ್ಯಾಟರಿ ಸೇರಿಸೋಣವೆಂಬ ಯೋಚನೆ ಆಗ ಬರುತ್ತದೆ.

ಈ ತೊಂದರೆ ಹಳ್ಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಶೇಷಾದ್ರಿಪುರಂಗೆ ಹೆಸರು ಬಂದದ್ದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರಿಂದ. ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಹರಿಯಿತು. ಆ ದಿವಾನರ ಹೆಸರಿನ ಬಡಾವಣೆಯಲ್ಲೂ ಇಂದು ಅಂಗಡಿ, ಮನೆಗಳಲ್ಲಿ ಇನ್ವರ್ಟರ್ ಕಾಣಬಹುದು.

ಎರಡು ನೀರಿನ ತೊಟ್ಟಿಗಳನ್ನು ತಳದಲ್ಲಿ ಕೊಳವೆಯಿಂದ ಸೇರಿಸಿದಿರೆನ್ನಿ. ನೀರಿನ ಮಟ್ಟ ಏರುವುದಿಲ್ಲ, ಸಂಗ್ರಹ ಇಮ್ಮಡಿಯಾಗುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸುವ ಸಮಾಂತರ ಜೋಡಣೆಯೂ ಹೀಗೆಯೇ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳು ಸೇರಿದರೆ ವೋಲ್ಟ್ 12 ಆಗಿಯೇ ಉಳಿದು, ಸಾಮರ್ಥ್ಯ 300 ಆಗುತ್ತದೆ. ಒಂದು ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ 180 ವ್ಯಾಟಿನ ದೀಪ, ಫ್ಯಾನುಗಳು ಸುಮಾರು 4 ಗಂಟೆ ನಡೆದಾವು. ಎರಡಿದ್ದರೆ 8 ಗಂಟೆ. ಆದರೆ ಇನ್ವರ್ಟರಿನ ಶಕ್ತಿ ಹೆಚ್ಚುವುದಿಲ್ಲ. ಬ್ಯಾಟರಿ ಎರಡಿದೆಯೆಂದು ಪಂಪ್‌ಸೆಟ್ಟನ್ನು ಅದಕ್ಕೆ ಹಚ್ಚಬೇಡಿ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸುವ ಸರಣಿ ಜೋಡಣೆಯಲ್ಲಿ 24 ವೋಲ್ಟ್ ಬರುತ್ತದೆ. 12 ವೋಲ್ಟಿನ ಇನ್ವರ್ಟರಿಗೆ ಅದನ್ನು ಕೊಟ್ಟರೆ ಇನ್ವರ್ಟರ್ ಸುಟ್ಟುಹೋದೀತು.

ನಮ್ಮವರು ಹೆಚ್ಚಾಗಿ ಎಡವುವುದು ಬೇರೆ ಕಡೆ. ಮನೆಯಲ್ಲಿರುವ ನಾಲ್ಕು ವರ್ಷದ ಹಳೆಯ ಬ್ಯಾಟರಿಯ ಪಕ್ಕಕ್ಕೆ ಹೊಸದೊಂದನ್ನು ತಂದು ಕಟ್ಟುತ್ತಾರೆ. ಒಂದು ತೊಟ್ಟಿ ಸೋರುತ್ತಿದ್ದರೆ ಇನ್ನೊಂದರ ನೀರೂ ಅದರಲ್ಲೇ ಹರಿದುಹೋಗುವುದಿಲ್ಲವೇ? ಹಾಗೆಯೇ ಹಳೆಯದು ಹೊಸದರ ಶಕ್ತಿಯನ್ನು ಹಗಲಿರುಳು ಹೀರಿ, ಅದರ ಆಯುಸ್ಸನ್ನೂ ಕುಗ್ಗಿಸುತ್ತದೆ. ಉಳಿತಾಯವೆಂದು ಮಾಡಿದ್ದು ಎರಡನ್ನೂ ಕೆಡಿಸುತ್ತದೆ. ಒಂದೇ ಬಗೆಯ, ಒಂದೇ ಸಾಮರ್ಥ್ಯದ, ಒಂದೇ ಸಲ ಕೊಂಡ ಬ್ಯಾಟರಿಗಳನ್ನೇ ಜೋಡಿಸಬೇಕು. ಕೈಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಸದ್ಯ ಒಂದರಲ್ಲೇ ಕಾಲ ಕಳೆಯುವುದು ಮೇಲು.

ಜೋಡಿಸುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವೋಲ್ಟ್ ಸಮವಿದೆಯೇ ಎಂದು ಮೀಟರಿನಲ್ಲಿ ನೋಡಿಸಿ. ಇನ್ವರ್ಟರಿನ ಕೆಂಪು ತಂತಿ ಮೊದಲನೆಯದರ ಪ್ಲಸ್‌ಗೂ, ಕಪ್ಪು ತಂತಿ ಎರಡನೆಯದರ ಮೈನಸ್‌ಗೂ ಬರಲಿ. ಎರಡನ್ನೂ ಒಂದೇ ಬ್ಯಾಟರಿಗೆ ಕಟ್ಟಿದರೆ ಅದೇ ಹೆಚ್ಚು ದುಡಿದು ಬೇಗ ಸವೆಯುತ್ತದೆ. ತಂತಿಗಳು ದಪ್ಪವಾಗಿರಬೇಕು.

ಚಾರ್ಜರ್ ಹಳೆಯದೇ ಆದರೆ ತುಂಬಲು ಎರಡರಷ್ಟು ಹೊತ್ತು ಬೇಕು. ನಿಮ್ಮೂರಿನಲ್ಲಿ ಕರೆಂಟ್ ಅಷ್ಟು ಹೊತ್ತು ಇರುವುದೇ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಸದಾ ಅರ್ಧ ತುಂಬಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಾರ್ಜ್ ಆಗುವಾಗ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುವಂಥದು. ಆದ್ದರಿಂದ ಬ್ಯಾಟರಿಗಳನ್ನು ಗಾಳಿಯಾಡುವ ಕಡೆ, ಒಲೆಯಿಂದಲೂ ಹುಳು ಸಾಕುವ ಕೋಣೆಯಿಂದಲೂ ದೂರವಿಡಿ.