ಶ್ರಮಸಹಿಷ್ಣುತೆಯೂ ಅಮೈನೋ ಆಮ್ಲಗಳೂ

ತಳಕಲ್ಲಿನ ತರುಣನೊಬ್ಬನು, ಪೊಲೀಸು ಪೇದೆಯ ಆಯ್ಕೆಯ ಓಟಕ್ಕೆ ಅಭ್ಯಾಸಮಾಡುತ್ತಿದ್ದವನು, ಹದಿನೈದು ದಿನದ ಕೂಲಿ ತೆತ್ತು ತಂದ ಡಬ್ಬಿಯೊಂದನ್ನು ನನ್ನ ಮುಂದಿಟ್ಟು ಅದರ ಮೇಲಿನ ಹೆಸರುಗಳಿಗೆ ಅರ್ಥವನ್ನು ಕೇಳಿದನು: ಲ್ಯೂಸೀನ್, ಐಸೋಲ್ಯೂಸೀನ್, ವ್ಯಾಲೀನ್. ಇವುಗಳಿಂದ ದಣಿವು ತಡವಾಗುವುದೆಂದೂ, ಇದು ನಮ್ಮ ಪೂರ್ವಿಕರಿಗೂ ತಿಳಿದಿದ್ದಿತೆಂದೂ ಮಾರಿದವನು ಹೇಳಿದ್ದನಂತೆ. ಈ ಎರಡನೆಯ ಮಾತು ನನ್ನಂಥವನು ವಿಚಾರಿಸತಕ್ಕದ್ದು. ಆದರೆ ಮೊದಲನೆಯದನ್ನು ತಿಳಿಯದೆ ಅದನ್ನು ವಿಚಾರಿಸುವಂತಿಲ್ಲ.

ಅಕ್ಷರಗಳು ಕೂಡಿ ಪದಗಳಾಗುವಂತೆ ಅಮೈನೋ ಆಮ್ಲಗಳು ಕೂಡಿ ಪ್ರೋಟೀನುಗಳಾಗುತ್ತವೆ. ಈ ಅಕ್ಷರಗಳು ೨೦. ಅವುಗಳಲ್ಲಿ ೯ನ್ನು ನಮ್ಮ ಶರೀರವು ತಾನೇ ನಿರ್ಮಿಸಿಕೊಳ್ಳಲಾರದಾದುದರಿಂದ ಅವು ಅನ್ನದಿಂದಲೇ ಬರತಕ್ಕವು. ಮೇಲೆ ಹೇಳಿದ ಮೂರೂ ಈ ಒಂಬತ್ತರೊಳಗಿನವು. ಲ್ಯೂಸೀನನ್ನು ೧೮೨೦ರಲ್ಲಿ ಫ್ರಾನ್ಸಿನ ಬ್ರಾಕೊನೋ ಎಂಬವನು ಬೇರ್ಪಡಿಸಿದನು. ಬಿಳುಪೆಂಬ ಅರ್ಥದ ಗ್ರೀಕ್ ಶಬ್ದವೇ ಆ ಹೆಸರಿಗೆ ಮೂಲ.

ದಣಿವಿಗೂ ಇವಕ್ಕೂ ಸಂಬಂಧವನ್ನು ೧೯೮೭ರಲ್ಲಿ ಊಹಿಸಿದವನು ಇಂಗ್ಲೆಂಡಿನ ನ್ಯೂಸ್‌ಹೋಮ್. ಟ್ರಿಪ್ಟೊಫ್ಯಾನ್ ಎಂಬ ಮತ್ತೊಂದು ಅಮೈನೋ ಆಮ್ಲವು ಮಿದುಳನ್ನು ಹೊಕ್ಕು ಸೆರೊಟೋನಿನ್ ಆಗುತ್ತದೆ. ಅದು ಹೆಚ್ಚಿದರೆ ಆಯಾಸದ ಭಾವನೆ ಬರುವುದೆಂದು ಅವನ ಮತ. ಲ್ಯೂಸೀನಾದಿಗಳಿಗೂ ಮಿದುಳಿಗೆ ಅದೇ ಬಾಗಿಲು. ದೀರ್ಘಶ್ರಮದಲ್ಲಿ ಸ್ನಾಯುಗಳು ಈ ಮೂರನ್ನೂ ವ್ಯಯಮಾಡುವುದರಿಂದ ಟ್ರಿಪ್ಟೊಫ್ಯಾನಿಗೆ ದಾರಿ ಸುಗಮವಾಗುತ್ತದೆ. ಹಾಗಾದರೆ ಇವನ್ನೇ ಹೊರಗಿನಿಂದ ಕೊಟ್ಟರೆ ದಣಿವು ಹಿಂದೆಗೆಯಬೇಕಷ್ಟೆ? ಅನುಮಾನವು ಸೊಗಸಾಗಿದೆ, ಪ್ರತ್ಯಕ್ಷವು ಒಪ್ಪಲಿಲ್ಲ. ೧೯೯೫ರಲ್ಲಿ ಹಾಲೆಂಡಿನ ವಿದ್ವಾಂಸರು ಪಳಗಿದ ಪಟುಗಳಿಂದ ಸೈಕಲ್ ತುಳಿಸಿ, ಕೆಲವೊಮ್ಮೆ ಈ ಮೂರನ್ನೂ ಕೆಲವೊಮ್ಮೆ ಟ್ರಿಪ್ಟೊಫ್ಯಾನನ್ನೂ ಕುಡಿಸಿ ನೋಡಿದರು. ದಣಿಯುವ ಹೊತ್ತು ಯಾವುದರಿಂದಲೂ ಮುಂದಾಗಲಿಲ್ಲ, ಹಿಂದಾಗಲಿಲ್ಲ. ಅನಂತರದ ಪ್ರಯೋಗಗಳಲ್ಲಿಯೂ ಫಲವು ಏಕರೂಪವಾಗಿಲ್ಲ.

ನಮ್ಮ ಜೋಳದ ನಾಡಿಗೆ ಇದರಲ್ಲಿ ಒಂದು ವಿಶೇಷವುಂಟು. ಜೋಳದಲ್ಲಿ ಕೊರತೆಯಾದುದು ಲೈಸೀನ್, ಲ್ಯೂಸೀನಾದರೋ ಧಾರಾಳವಾಗಿದೆ. ಜೋಳವನ್ನೇ ನಂಬಿದ ದಖನ್ನಿನ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗಸಹಿತವಾದ ವ್ಯಾಧಿಯನ್ನು ಕಂಡು, ಲ್ಯೂಸೀನಿನ ಅತಿರೇಕವೇ ಅದಕ್ಕೆ ಕಾರಣವಿರಬಹುದೆಂದು ಗೋಪಾಲನ್ ಮತ್ತು ಶ್ರೀಕಾಂತಿಯಾ ಅವರು ೧೯೬೦ರಲ್ಲಿ ಪ್ರತಿಪಾದಿಸಿದರು. ಈ ವಾದವನ್ನು ಮುಂದೆ ಹಲವರು ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಅದು ಹೇಗೇ ಇರಲಿ, ರೊಟ್ಟಿಯುಣ್ಣುವವನಿಗೆ ಬೇಕಾದುದು ಹೆಸರು, ಕಡಲೆ, ತೊಗರಿಗಳ ಲೈಸೀನು. ಅವನು ಹಣ ತೆತ್ತು ಕೊಳ್ಳುತ್ತಿರುವುದು ಲ್ಯೂಸೀನು!

ಇನ್ನು ಪೂರ್ವಿಕರ ಮಾತು. ತಳಕಲ್ಲಿಗೆ ಸಮೀಪದ ಇಟಗಿಯಲ್ಲಿ ೧೧೧೨ರಲ್ಲಿ ಮಹಾದೇವ ದಂಡನಾಯಕನು ದೇವಾಲಯವನ್ನು ಕಟ್ಟಿಸಿದನಷ್ಟೆ. ಅವನ ಒಡೆಯನಾದ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದ ಕರ್ತೃ. ಅದರ ಮಲ್ಲವಿನೋದದಲ್ಲಿ ಜಟ್ಟಿಗಳಿಗೆ ಉದ್ದು, ಮಾಂಸ, ಹಾಲು, ಮೊಸರುಗಳ ಊಟವು ವಿಹಿತವಾಗಿದೆ. ಇವೆಲ್ಲ ಪ್ರೋಟೀನ್ ಪದಾರ್ಥಗಳೇ. ಆದರೆ ಇಷ್ಟರಿಂದ ಅಮೈನೋ ಆಮ್ಲಗಳು ಅವರಿಗೆ ತಿಳಿದಿದ್ದವೆನ್ನುವುದು, ಹಾಲು ಕುಡಿದವನೆಲ್ಲ ರಸಾಯನಜ್ಞನೆಂದಂತೆ. ಅದೇ ಗ್ರಂಥದಲ್ಲಿ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ ಮೊದಲಾದ ಅಭ್ಯಾಸಗಳೂ ಹೇಳಲ್ಪಟ್ಟಿವೆ. ಮಾರುವವರು ಈ ಭಾಗವನ್ನು ಎತ್ತುವುದಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಷಯವು ಇನ್ನೂ ಸ್ಪಷ್ಟವಾಗಿದೆ. ಶ್ರಮ, ಬಾಯಾರಿಕೆ, ಬಿಸಿಲು, ಚಳಿಗಳನ್ನು ಸಹಿಸುವ ಶಕ್ತಿಯು ಅಲ್ಲಿ ವ್ಯಾಯಾಮದ ಫಲವಾಗಿಯೇ ಎಣಿಸಲ್ಪಟ್ಟಿದೆ. ಆ ವ್ಯಾಯಾಮವಾದರೂ ಬಲದ ಅರ್ಧಕ್ಕೆ ಮೀರಬಾರದು. ಉಸಿರು ಬಾಯಿಗೆ ಬರುವುದೇ ಆ ಅರ್ಧದ ಗುರುತು. ನಮ್ಮ ಕಡೆ ಕಸುವು ಬೇರೆ, ದಮ್ಮು ಬೇರೆ ಎನ್ನುವುದೂ ಇದಕ್ಕೆ ಹೊಂದುತ್ತದೆ: ಮೊದಲನೆಯದು ಉಂಡು ಬಂದುದು, ಎರಡನೆಯದು ಓಡಿ ಬಂದುದು.

ಈ ವರ್ಗದಲ್ಲಿ ಒಂದಕ್ಕೆ ಮಾತ್ರ ಪ್ರಮಾಣವು ಬಲವಾಗಿದೆ. ಬೀಟಾ-ಅಲನೀನನ್ನು ಕೆಲವು ವಾರ ಸೇವಿಸಿದರೆ ಸ್ನಾಯುಗಳಲ್ಲಿ ಕಾರ್ನೊಸೀನ್ ಹೆಚ್ಚಿ, ಕೆಲವೇ ನಿಮಿಷಗಳ ತೀವ್ರಶ್ರಮದಲ್ಲಿ ಅಲ್ಪಪ್ರಯೋಜನವಾಗುವುದೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ೨೦೧೮ರ ಹೇಳಿಕೆಯೂ ಅಂಗೀಕರಿಸಿದೆ. ತರುಣನ ಡಬ್ಬಿಯನ್ನು ತಿರುಗಿಸಿ ಮತ್ತೊಮ್ಮೆ ಓದಿದೆನು. ಅದರಲ್ಲಿ ಆ ಹೆಸರಿರಲಿಲ್ಲ.