‘ಸೂಪರ್ ಸರ್’ ಅಂದ್ರೆ ಕಥೆ ಸುಧಾರಿಸಲ್ಲ: ಬರೆದದ್ದನ್ನು ಓದಿ ಹೇಳೋದು ಹೇಗೆ?

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸೋ ಸಮಯ ಹತ್ತಿರ ಬಂತೆಂದರೆ ನಮ್ಮ ಪೇಟೆಯಲ್ಲೂ ಒಂದಿಷ್ಟು ಜನರ ಮೊಬೈಲ್‌ಗೆ ಪಿಡಿಎಫ್‌ಗಳು ಬರತೊಡಗುತ್ತವೆ. ‘ಒಂಚೂರು ಓದಿ, ಹೆಂಗಿದೆ ಹೇಳಿ ಸರ್.’ ಕಳಿಸಿದವರು ಮೇಷ್ಟ್ರು ಇರಬಹುದು, ಮೆಡಿಕಲ್ ಶಾಪಿನವರು ಇರಬಹುದು, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಗಲ್ಲಾದ ಪಕ್ಕ ಕೂತು ಬರೆಯುವ ಬಟ್ಟೆ ಅಂಗಡಿಯವರೂ ಇರಬಹುದು. ಹತ್ತು ನಿಮಿಷದಲ್ಲಿ ಉತ್ತರ ಹೋಗುತ್ತೆ: ‘ಸೂಪರ್ ಸರ್’. ಕಥೆ ಹನ್ನೆರಡು ಪುಟ ಇತ್ತು ಅನ್ನೋದು ಇಬ್ಬರಿಗೂ ಗೊತ್ತು.

ಹಾಗೆ ಬರೆದವರಲ್ಲಿ ನಾನೂ ಒಬ್ಬ. ಹೋದ ವರ್ಷ ಕಿರಾಣಿ ಅಂಗಡಿಯ ಗೆಳೆಯರೊಬ್ಬರು ಕಥೆ ಕಳಿಸಿದ್ದರು. ಎಂಟು ಜನ ‘ಸೂಪರ್’ ಅಂದೆವು. ಕಥೆ ಆಯ್ಕೆಯಾಗಲಿಲ್ಲ. ಆಮೇಲೆ ಅವರ ಅಂಗಡಿಗೆ ಬಂದ ಕಾಲೇಜು ಹುಡುಗಿಯೊಬ್ಬಳು ಓದಿ, ‘ಅಂಕಲ್, ತಂಗಿ ಗಂಡನ ಮನೆಯಿಂದ ಯಾಕೆ ವಾಪಸ್ ಬಂದಳು ಅಂತಾನೇ ಗೊತ್ತಾಗಲಿಲ್ಲ’ ಅಂದಳಂತೆ. ಗೆಳೆಯರು ತೆಗೆದು ನೋಡಿದರೆ ಹೌದು, ಆ ಕಾರಣ ಎಲ್ಲೂ ಬರೆದೇ ಇಲ್ಲ. ಅದು ಅವರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದ್ರೆ, ಕಾಗದದ ಮೇಲೂ ಇದೆ ಅಂತಲೇ ಅಂದುಕೊಂಡಿದ್ದರು. ‘ನೀವೆಲ್ಲ ಓದಿದ್ರಲ್ಲ, ಒಬ್ರಾದ್ರೂ ಕೇಳಬಾರದಿತ್ತಾ?’ ಎಂದು ನನ್ನನ್ನೇ ಕೇಳಿದರು. ಉತ್ತರ ಇರಲಿಲ್ಲ.

ಬೇರೆಯವರ ಕಣ್ಣು ಬೇಕಾಗೋದು ಇದಕ್ಕೇ. ಇದೇನೂ ಹೊಸ ಪದ್ಧತಿಯಲ್ಲ. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪಿನವರು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಮುಂದೆ ಅದೇ ಊರಿನಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇಂಥ ಮಾತುಕತೆಗೆ ಹೆಸರಾಯಿತು. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರೆಲ್ಲ ಕೂತು ಮಾತಾಡಿದ ಜಾಗ ಅದು.

ರಷ್ಯಾದ ಚೆಕಾಫ್ ಸಂಗತಿ ಇನ್ನೂ ಸ್ವಾರಸ್ಯ. 1886ರಲ್ಲಿ ಅವರಿಗೆ 26 ವರ್ಷ. ಡಾಕ್ಟರ್ ಕೆಲಸ ಮಾಡುತ್ತಾ, ಗುಪ್ತನಾಮದಲ್ಲಿ ಪತ್ರಿಕೆಗಳಿಗೆ ನಗೆಕಥೆ ಬರೆಯುತ್ತಿದ್ದರು. ಆಗ ಗ್ರಿಗೊರೊವಿಚ್ ಎಂಬ ಹಿರಿಯ ಲೇಖಕರು ಕಾಗದ ಬರೆದು, ನಿಮ್ಮಲ್ಲಿ ನಿಜವಾದ ಪ್ರತಿಭೆ ಇದೆ, ಅವಸರದಲ್ಲಿ ಬರೆದು ಹಾಳು ಮಾಡಿಕೊಳ್ಳಬೇಡಿ ಎಂದು ತಿಳಿಸಿದರು. ಚೆಕಾಫ್ ಸಿಟ್ಟಾಗಲಿಲ್ಲ. ಯಾವ ಕಥೆಗೂ ಒಂದು ದಿನಕ್ಕಿಂತ ಹೆಚ್ಚು ಕೊಟ್ಟ ನೆನಪಿಲ್ಲ ಎಂದು ಒಪ್ಪಿಕೊಂಡು ಉತ್ತರಿಸಿದರು. ಹೊಗಳಿಕೆ ಮತ್ತು ಎಚ್ಚರಿಕೆ ಎರಡೂ ಒಂದೇ ಕಾಗದದಲ್ಲಿ ಇದ್ದವು ಅನ್ನೋದನ್ನು ಗಮನಿಸಿ.

ಹಾಗಾದ್ರೆ ಓದಿದವರು ಏನು ಹೇಳಬೇಕು? ದೊಡ್ಡ ವಿಮರ್ಶೆ ಬೇಕಿಲ್ಲ. ಎಲ್ಲಿ ಬೇಜಾರಾಗಿ ಮೊಬೈಲ್ ಕೆಳಗಿಟ್ರಿ, ಯಾವ ಸಾಲು ಎರಡನೇ ಸಲ ಓದಬೇಕಾಯ್ತು, ಮಧ್ಯದಲ್ಲಿ ಮುಂದೇನಾಗುತ್ತೆ ಅಂದುಕೊಂಡ್ರಿ, ಯಾವ ಪಾತ್ರ ನೆನಪಲ್ಲಿ ಉಳೀತು. ಇಷ್ಟು ಹೇಳಿದರೆ ಬರೆದವರಿಗೆ ದಾರಿ ಸಿಗುತ್ತೆ. ಕಾಗುಣಿತ ತಿದ್ದೋದು ಕೊನೆಗೆ. ಕಥೆಯೇ ಬದಲಾಗಲಿರುವಾಗ ಒತ್ತಕ್ಷರ ತಿದ್ದಿ ಏನು ಪ್ರಯೋಜನ?

ಕೊಡುವವರ ಕಡೆಯೂ ಕೆಲಸ ಇದೆ. ‘ಹೆಂಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಬರುತ್ತೆ. ‘ಐದನೇ ಪುಟ ಎಳೆದಂಗಾಯ್ತಾ?’ ಎಂದು ಕೇಳಿ. ಅಮೆರಿಕದ ಅಯೋವಾದಲ್ಲಿ 1936ರಿಂದ ನಡೆಯುತ್ತಿರುವ ಬರಹಗಾರರ ಕಾರ್ಯಾಗಾರದಿಂದ ಹರಡಿದ ಒಂದು ರೂಢಿ ಇದೆ: ಉಳಿದವರು ಕಥೆ ಬಗ್ಗೆ ಮಾತಾಡುವಷ್ಟು ಹೊತ್ತು ಬರೆದವರು ಬಾಯಿ ಬಿಡುವಂತಿಲ್ಲ. ಈಚೆಗೆ ಇದು ಅತಿಯಾಯಿತು ಎನ್ನುವವರೂ ಇದ್ದಾರೆ, ನಿಜ. ಆದರೂ ನಮ್ಮಲ್ಲಿ ಒಮ್ಮೆ ಮಾಡಿ ನೋಡಬೇಕು. ‘ಅಲ್ಲ, ನಾನು ಹೇಳಿದ್ದು ಏನಂದ್ರೆ...’ ಎಂದು ಬರೆದವರು ಶುರು ಮಾಡಿದ ಕೂಡಲೇ ಓದಿದವರು ಸಭ್ಯತೆಗೆ ಸುಮ್ಮನಾಗಿಬಿಡ್ತಾರೆ. ಪತ್ರಿಕೆಯಲ್ಲಿ ಬಂದಾಗ ಓದುಗರ ಪಕ್ಕ ಕೂತು ವಿವರಿಸೋಕೆ ಆಗುತ್ತಾ?

ಅತಿಯಾಗಿ ತಿದ್ದಿದರೆ ಏನಾಗುತ್ತೆ ಅನ್ನೋದಕ್ಕೂ ಒಂದು ಉದಾಹರಣೆ. ರೇಮಂಡ್ ಕಾರ್ವರ್ ಅಮೆರಿಕದ ಕಥೆಗಾರ. 1981ರ ಅವರ ಸಂಕಲನವನ್ನು ಸಂಪಾದಕ ಗಾರ್ಡನ್ ಲಿಶ್ ಅರ್ಧಕ್ಕೂ ಹೆಚ್ಚು ಕತ್ತರಿಸಿದರು. ಅದರಲ್ಲೊಂದು ಬೇಕರಿಯವನ ಕಥೆ. ಮಗನ ಹುಟ್ಟುಹಬ್ಬಕ್ಕೆ ತಾಯಿ ಕೇಕ್ ಆರ್ಡರ್ ಕೊಟ್ಟಿದ್ದಾಳೆ, ಅಷ್ಟರಲ್ಲಿ ಹುಡುಗನಿಗೆ ಕಾರು ಬಡಿದು ಆಸ್ಪತ್ರೆ ಸೇರಿದ್ದಾನೆ. ಇದು ಗೊತ್ತಿಲ್ಲದ ಬೇಕರಿಯವನು ಕೇಕ್ ಒಯ್ದಿಲ್ಲ ಅಂತ ಫೋನ್ ಮೇಲೆ ಫೋನ್ ಮಾಡ್ತಾನೆ. ಕತ್ತರಿಸಿದ ಕಥೆ ಫೋನ್ ಕರೆಯಲ್ಲೇ ಮುಗಿದುಹೋಗುತ್ತೆ. ಕಾರ್ವರ್ ಬರೆದದ್ದರಲ್ಲಿ ಹುಡುಗ ತೀರಿಕೊಂಡ ಮೇಲೆ ತಂದೆ ತಾಯಿ ಸಿಟ್ಟಿನಿಂದ ಬೇಕರಿಗೇ ಹೋಗ್ತಾರೆ. ವಿಷಯ ತಿಳಿದ ಅವನು ಕ್ಷಮೆ ಕೇಳಿ, ಕೂರಿಸಿ, ಬಿಸಿ ಬನ್ ತಿನ್ನಿಸ್ತಾನೆ. ಪ್ರಕಟಣೆ ನಿಲ್ಲಿಸಿ ಎಂದು 1980ರಲ್ಲೇ ಕಾರ್ವರ್ ಲಿಶ್‌ಗೆ ಕಾಗದ ಬರೆದು ಬೇಡಿಕೊಂಡಿದ್ದರು, ನಡೆಯಲಿಲ್ಲ. 1983ರ ಸಂಕಲನದಲ್ಲಿ ಈ ಕಥೆಯನ್ನು ದೀರ್ಘ ರೂಪದಲ್ಲೇ ಮತ್ತೆ ತಂದರು. ಕತ್ತರಿಸಿದ್ದೇ ಚೆಂದ ಅನ್ನುವವರು ಇವತ್ತಿಗೂ ಇದ್ದಾರೆ. ಅಂಗಡಿ ನಡೆಸುವವರು ಎರಡೂ ಓದಿ ಹೇಳಿ. ನನಗಂತೂ ಬನ್ ಇರೋ ಕಥೆಯೇ ಬೇಕು.

ನಮ್ಮಂಥ ಸಣ್ಣ ಊರಿಗೇ ಸೇರಿದ ತೊಡಕೊಂದಿದೆ. ಕಥೆಯಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲ್ ಬಂದರೆ, ಮಾಲೀಕರು ಯಾರು ಅಂತ ಊರಿಗೇ ಗೊತ್ತಾಗುತ್ತೆ. ಹೆಸರು ಬದಲಿಸಿದರೂ ಅವರ ಮನೆಯ ಜಗಳ ಹಾಗೇ ಇದ್ದರೆ, ನೋವಾಗೋದು ಅವರ ಮಕ್ಕಳಿಗೆ. ಮೊದಲು ಓದುವ ನಾಲ್ಕು ಜನ ‘ಇದು ಅವರೇ ಅಲ್ವಾ?’ ಎಂದು ಅಚ್ಚಾಗುವ ಮುಂಚೆ ಕೇಳಿದರೆ ದೊಡ್ಡ ಉಪಕಾರ. ಇನ್ನೊಂದು, ಬಹಳ ಸ್ಪರ್ಧೆಗಳು ಎಲ್ಲೂ ಪ್ರಕಟವಾಗದ ಕಥೆಯನ್ನೇ ಕೇಳುತ್ತವೆ. ಫೇಸ್‌ಬುಕ್‌ಗೆ ಹಾಕಿದ್ದನ್ನೂ ಪ್ರಕಟಣೆ ಅಂತ ಹಿಡಿಯಬಹುದು, ನಿಯಮ ಓದಿಕೊಳ್ಳಿ. ನಿಮಗೆ ನಂಬಿ ಕೊಟ್ಟ ಕಥೆಯನ್ನು ಕೇಳದೆ ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ.

ಹೊಲದ ಕೆಲಸದಲ್ಲಿ ಮುಯ್ಯಾಳು ಇದ್ದಂಗೆ ಇದು. ನಾನು ನಿಮ್ಮ ಕಥೆಗೆ ಒಂದು ಸಂಜೆ ಕೊಟ್ಟರೆ, ನನ್ನ ಕಥೆಗೆ ನೀವೂ ಒಂದು ಸಂಜೆ ಕೊಡಬೇಕು. ಬರೀ ಓದಿಸಿಕೊಂಡು ಓದದವರಿಗೆ ಎರಡನೇ ಸಲ ಯಾರೂ ಸಿಗಲ್ಲ.

ಕಿರಾಣಿ ಅಂಗಡಿಯ ಗೆಳೆಯರು ತಂಗಿಯ ಕಥೆಯನ್ನು ಮತ್ತೆ ಬರೆದಿದ್ದಾರೆ, ಈಗ ಹದಿನಾಲ್ಕು ಪುಟ. ಮೊನ್ನೆ ನನಗೆ ಬಂತು. ಇನ್ನೂ ಏನೂ ಉತ್ತರ ಕಳಿಸಿಲ್ಲ. ಆರನೇ ಪುಟದಲ್ಲಿ ಒಂದು ಕಡೆ ಪೆನ್ಸಿಲ್ ಗುರುತು ಹಾಕಿ ಇಟ್ಟಿದ್ದೇನೆ. ಸೋಮವಾರ ಅವರ ಅಂಗಡಿಗೆ ರಜೆ, ಅವತ್ತು ಕೂತು ಮಾತಾಡೋಣ ಅಂದಿದ್ದೇನೆ.